ಅಧಿಕ ವೋಲ್ಟೇಜಿನ ವಿದ್ಯುತ್ ತಂತಿಗಳೂ ಗ್ರಾಮವಾಸಿಗಳ ಆರೋಗ್ಯವೂ

ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ತಾಲ್ಲೂಕುಗಳ ಬಯಲಿನಲ್ಲಿ ಸಂಚರಿಸುವವರಿಗೆ ಭತ್ತದ ಗದ್ದೆ, ಕಬ್ಬಿನ ತೋಟ, ಅರಿಸಿನದ ಪಾತಿ, ಹಿಪ್ಪುನೇರಳೆಯ ಹೊಲ ಇವುಗಳ ಮೇಲೆ ವಿದ್ಯುಚ್ಛಕ್ತಿಯ ತಂತಿಗಳು ಹಾದುಹೋಗಿರುವುದು ಅಲ್ಲಲ್ಲಿ ಕಂಡುಬರುತ್ತದೆ. ಈ ತಂತಿಗಳ ದೆಸೆಯಿಂದ ಪಂಪಿಗೆ ನೀರು, ಮನೆಗೆ ದೀಪ, ಕಾರ್ಖಾನೆಗೆ ಶಕ್ತಿ ದೊರೆಯುತ್ತಿರುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯಳಂದೂರು ತಾಲ್ಲೂಕಿನ ಹೊನ್ನೂರಿನಂತಹ ಗ್ರಾಮಗಳಲ್ಲಿ ಜಮೀನುಳ್ಳ ಯಜಮಾನನಿಗೆ ತಂತಿಯ ವಿಷಯದಲ್ಲಿ ಮೂರು ಪ್ರಶ್ನೆಗಳು ಎದುರಾಗುತ್ತವೆ. ತಂತಿಯ ಸಮೀಪದಲ್ಲಿ ಮನೆ ಕಟ್ಟಿಕೊಂಡು ಮಕ್ಕಳುಮರಿಗಳೊಡನೆ ವಾಸಿಸಬಹುದೆ? ತಂತಿಯ ಕೆಳಗೆ ದನಕರುಗಳನ್ನು ಮೇಯಿಸಿ ಬೆಳೆ ಬೆಳೆಯಬಹುದೆ? ತಂತಿ ಹಾದುಹೋದ ಭೂಮಿಯನ್ನು ಇಟ್ಟುಕೊಳ್ಳುವುದೋ, ಬಂದ ಬೆಲೆಗೆ ಮಾರಿಬಿಡುವುದೋ?

ಈ ಪ್ರಶ್ನೆಗಳಿಗೆ ಊರಿನಲ್ಲಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ತಂತಿಯ ನೆರಳು ಬಿದ್ದರೆ ಸಾಕು, ಕೆಟ್ಟ ರೋಗ ಹತ್ತುತ್ತದೆಂದು ಹೇಳುವವರು ಕೆಲವರು; ಅದೆಲ್ಲ ಬರಿಯ ಪುಕಾರು, ತಂತಿಯ ಕೆಳಗೇ ಕೊಟ್ಟಿಗೆ ಹಾಕಿದರೂ ಬಾಧಕವಿಲ್ಲವೆಂದು ಹೇಳುವವರು ಇನ್ನು ಕೆಲವರು. ಮೊದಲನೆಯ ಮಾತನ್ನು ನಂಬಿದವನು ಪಿತ್ರಾರ್ಜಿತ ಭೂಮಿಯನ್ನು ಅಗ್ಗಕ್ಕೆ ಕಳೆದುಕೊಳ್ಳುವ ಸಂಭವವುಂಟು. ಎರಡನೆಯದನ್ನು ನಂಬಿದವನು ಪ್ರಾಣವನ್ನೇ ಕಳೆದುಕೊಳ್ಳುವ ಸಂಭವವುಂಟು. ಆದಕಾರಣ ಈ ವಿಷಯದಲ್ಲಿ ಶೋಧಕರು ಏನನ್ನು ಕಂಡುಕೊಂಡಿದ್ದಾರೆ, ಯಾವುದು ಸಿದ್ಧವಾಗಿದೆ, ಯಾವುದು ಇನ್ನೂ ಸಂದೇಹದಲ್ಲಿದೆ ಎಂಬುದನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ತಿಳಿದಿರುವುದು ಅವಶ್ಯಕ.

೧. ಈ ಸೀಮೆಗೆ ತಂತಿ ಬಂದ ಬಗೆ

ದೂರದೇಶಕ್ಕೆ ವಿದ್ಯುಚ್ಛಕ್ತಿಯನ್ನು ಸಾಗಿಸುವ ವಿದ್ಯೆಯು ಈ ಸೀಮೆಗೆ ಹೊಸತಲ್ಲ. ಕೊಳ್ಳೇಗಾಲಕ್ಕೆ ಸಮೀಪದಲ್ಲಿರುವ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಉತ್ಪತ್ತಿ ಮಾಡುವ ಕೆಲಸವು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾಯಿತು. ರಾಯಲ್ ಇಂಜಿನಿಯರ್ಸ್ ಪಡೆಯ ಅಧಿಕಾರಿಯಾಗಿದ್ದ ಜೋಲಿ ಡಿ ಲಾಟ್ಬಿನಿಯೇರ್ ಎಂಬುವರು ಈ ಯೋಜನೆಯನ್ನು ಸಿದ್ಧಪಡಿಸಿದರು. ೧೯೦೧ರಲ್ಲಿ ತೀರಿಕೊಂಡ ಶೇಷಾದ್ರಿ ಅಯ್ಯರ್ ಅವರು ಅದರ ಪೂರ್ತಿಯನ್ನು ಕಾಣಲಿಲ್ಲ. ೧೯೦೨ನೆಯ ಇಸವಿ ಜೂನ್ ತಿಂಗಳಲ್ಲಿ ಶಕ್ತಿಯು ೯೨ ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಆ ಕಾಲಕ್ಕೆ ಪ್ರಪಂಚದಲ್ಲಿ ಅತ್ಯಂತ ದೀರ್ಘವಾದ ತಂತಿಮಾರ್ಗಗಳಲ್ಲಿ ಇದೂ ಒಂದಾಗಿತ್ತು. ೧೯೦೫ರಲ್ಲಿ ಬೆಂಗಳೂರು ನಗರಕ್ಕೆ ಇದೇ ಸ್ಥಳದಿಂದ ದೀಪದ ಶಕ್ತಿ ಹೋಯಿತು.

ಅಂದಿನ ತಂತಿಯ ಒತ್ತಡವು ಸುಮಾರು ಮೂವತ್ತು ಮೂವತ್ತೈದು ಸಾವಿರ ವೋಲ್ಟುಗಳಷ್ಟು ಇದ್ದಿತು. ಈಗ ಕರ್ಣಾಟಕದಲ್ಲಿ ೬೬, ೧೧೦, ೨೨೦ ಮತ್ತು ೪೦೦ ಸಾವಿರ ವೋಲ್ಟುಗಳ ಮಾರ್ಗಗಳಿವೆ. ಅದಕ್ಕೂ ಮೇಲಾಗಿ ೭೬೫ ಸಾವಿರ ವೋಲ್ಟುಗಳ ಮಾರ್ಗಗಳೂ ದೇಶದಲ್ಲಿ ಆಗಿವೆ. ಸಾವಿರ ವೋಲ್ಟಿಗೆ ಒಂದು ಕಿಲೋವೋಲ್ಟ್ ಎಂದು ಹೆಸರು.

ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ತಂತಿಗಳಿದ್ದರೂ ಯಾರಿಗೂ ಏನೂ ಆಗಿಲ್ಲವಲ್ಲ, ಇದೇ ಸಾಕ್ಷಿಯಲ್ಲವೆ ಎಂದು ಕೆಲವರು ಕೇಳಬಹುದು. ಇದು ಸಾಕ್ಷಿಯಲ್ಲ. ತಂತಿಯ ಪಕ್ಕದ ಹಳ್ಳಿಗಳಲ್ಲಿ ಯಾವ ರೋಗ ಎಷ್ಟು ಮಂದಿಗೆ ಬಂದಿತೆಂಬುದನ್ನು, ತಂತಿಯಿಲ್ಲದ ಹಳ್ಳಿಗಳೊಡನೆ ಹೋಲಿಸಿ ಎಣಿಸದ ಹೊರತು, ಬಂದಿತೆಂದಾಗಲಿ ಬರಲಿಲ್ಲವೆಂದಾಗಲಿ ಹೇಳಲು ಆಧಾರವಿಲ್ಲ. ಎಣಿಸಿ ನೋಡುವ ಕೆಲಸವು ೧೯೭೦ರ ದಶಕದಿಂದ ಈಚೆಗೆ ಅನ್ಯದೇಶಗಳಲ್ಲಿ ನಡೆದಿದೆ. ಅದರ ಸಾರವನ್ನು ಮುಂದೆ ಕೊಟ್ಟಿದೆ.

೨. ತಂತಿಯ ಸುತ್ತ ಇರುವುದೇನು?

ಪ್ರವಹಿಸುವ ವಿದ್ಯುತ್ತಿನ ತಂತಿಯ ಸುತ್ತ ಕಣ್ಣಿಗೆ ಕಾಣದ ಎರಡು ಪ್ರಭಾವಗಳು ಇರುತ್ತವೆ. ಒಂದು ವಿದ್ಯುತ್‌ಕ್ಷೇತ್ರ, ಇನ್ನೊಂದು ಕಾಂತಕ್ಷೇತ್ರ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳ ಗೊಂದಲ ಉಂಟಾಗಿದೆ.

ವಿದ್ಯುತ್‌ಕ್ಷೇತ್ರವು ತಂತಿಯ ಒತ್ತಡವನ್ನು, ಎಂದರೆ ವೋಲ್ಟನ್ನು ಅನುಸರಿಸಿರುತ್ತದೆ. ಕಾಲುವೆಯ ತೂಬನ್ನು ಮುಚ್ಚಿದಾಗಲೂ ನೀರಿನ ಒತ್ತಡ ತೂಬಿನ ಮೇಲಿರುವಂತೆ, ತಂತಿಯಲ್ಲಿ ಶಕ್ತಿಯ ಬಳಕೆ ಇಲ್ಲದಾಗಲೂ ಈ ಕ್ಷೇತ್ರ ಇದ್ದೇ ಇರುತ್ತದೆ. ಆದರೆ ಮನೆಯ ಗೋಡೆ, ಮರಗಿಡ ಮೊದಲಾದವು ಇದನ್ನು ಬಹುಮಟ್ಟಿಗೆ ತಡೆಯುತ್ತವೆ. ದೊಡ್ಡ ತಂತಿಯ ಕೆಳಗೆ ಟ್ರಾಕ್ಟರನ್ನೋ ತಂತಿಬೇಲಿಯನ್ನೋ ಮುಟ್ಟಿದಾಗ ಚುರುಕು ಮುಟ್ಟಿದಂತಾಗುವುದು ಈ ಕ್ಷೇತ್ರದಿಂದಲೇ.

ಕಾಂತಕ್ಷೇತ್ರವಾದರೋ ತಂತಿಯಲ್ಲಿ ಹರಿಯುವ ಪ್ರವಾಹವನ್ನು, ಎಂದರೆ ಆಂಪಿಯರನ್ನು ಅನುಸರಿಸಿರುತ್ತದೆ. ಬಳಕೆ ಹೆಚ್ಚಾದಾಗ ಹೆಚ್ಚು, ಕಡಿಮೆಯಾದಾಗ ಕಡಿಮೆ. ಗೋಡೆಗಳು ಇದನ್ನು ತಡೆಯಲಾರವು. ದೂರವೊಂದೇ ಇದನ್ನು ಕುಗ್ಗಿಸತಕ್ಕದ್ದು. ಇದನ್ನು ಮೈಕ್ರೋಟೆಸ್ಲಾ ಎಂಬ ಮಾನದಿಂದ ಅಳೆಯುತ್ತಾರೆ. ೪೦೦ ಕಿಲೋವೋಲ್ಟ್ ತಂತಿಯ ನೇರ ಕೆಳಗೆ ಇದು ಸಾಮಾನ್ಯವಾಗಿ ಐದರಿಂದ ಹತ್ತು ಮೈಕ್ರೋಟೆಸ್ಲಾ ಇರಬಹುದು. ಐವತ್ತು ಮೀಟರ್ ದೂರದಲ್ಲಿ ಒಂದಕ್ಕಿಂತ ಕಡಿಮೆಯಾಗಿ, ನೂರು ಮೀಟರ್ ದೂರದಲ್ಲಿ ಸುಮಾರು ೦.೨ ಮೈಕ್ರೋಟೆಸ್ಲಾಕ್ಕೆ ಇಳಿಯುತ್ತದೆ. ೬೬ ಕಿಲೋವೋಲ್ಟಿನಂತಹ ಚಿಕ್ಕ ಮಾರ್ಗಗಳಲ್ಲಿ ಇನ್ನೂ ಸಮೀಪದಲ್ಲಿಯೇ ಈ ಮಟ್ಟಕ್ಕೆ ಕುಗ್ಗುತ್ತದೆ. ತಂತಿಯಿಂದ ದೂರವಿರುವ ಸಾಧಾರಣ ಮನೆಯೊಳಗೆ ಇದು ೦.೦೫ರಿಂದ ೦.೧ರವರೆಗೆ ಇರುತ್ತದೆ. ಮಿಕ್ಸಿ, ಪಂಪಿನ ಮೋಟಾರು ಮೊದಲಾದವುಗಳಿಗೆ ಕೈ ತಾಗಿಸಿ ನಿಂತರೆ ದೊಡ್ಡ ತಂತಿಯ ಕೆಳಗಿರುವುದಕ್ಕಿಂತ ಹೆಚ್ಚಿನ ಕಾಂತಕ್ಷೇತ್ರ ತಗಲಬಹುದು. ಆದರೆ ಅದು ಸ್ವಲ್ಪ ಹೊತ್ತಿನದು, ಒಂದೆರಡು ಮೊಳ ಹಿಂದೆ ಸರಿದರೆ ಇಲ್ಲವಾಗತಕ್ಕದ್ದು.

ಒಂದೇ ಪ್ರಮಾಣದ ಶಕ್ತಿಯನ್ನು ಸಾಗಿಸುವಾಗ ವೋಲ್ಟ್ ಹೆಚ್ಚಾದಷ್ಟೂ ಆಂಪಿಯರ್ ಕಡಿಮೆಯಾಗುತ್ತದೆ ಎಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಆದ್ದರಿಂದ ವೋಲ್ಟನ್ನು ಮಾತ್ರ ನೋಡಿ ಕಾಂತಕ್ಷೇತ್ರವನ್ನು ಊಹಿಸಲಾಗದು. ಗೋಪುರ ದೊಡ್ಡದೆಂದು ಹೆದರುವವನು ತನ್ನ ಮಾಳಿಗೆಗೆ ತಾಗಿಕೊಂಡಂತೆ ಹೋಗಿರುವ ಚಿಕ್ಕ ತಂತಿಯನ್ನು ಮರೆಯುವುದು ಸರಿಯಲ್ಲ.

೩. ಸಂಶೋಧನೆಯು ಆರಂಭವಾದ ಬಗೆ

೧೯೭೨ರಲ್ಲಿ ಸೋವಿಯತ್ ದೇಶದವರು, ೫೦೦ ಮತ್ತು ೭೫೦ ಕಿಲೋವೋಲ್ಟಿನ ಉಪಕೇಂದ್ರಗಳಲ್ಲಿ ದುಡಿಯುವ ಕೆಲಸಗಾರರಿಗೆ ತಲೆನೋವು, ಆಯಾಸ ಮೊದಲಾದ ತೊಂದರೆಗಳಿವೆಯೆಂದು ಅಂತರರಾಷ್ಟ್ರೀಯ ಇಂಜಿನಿಯರುಗಳ ಸಭೆಯಲ್ಲಿ ವರದಿ ಮಾಡಿದರು. ಇತರ ದೇಶಗಳಲ್ಲಿ ಹೀಗೆಯೇ ಪರೀಕ್ಷಿಸಿದಾಗ ಅಂತಹ ಪರಿಣಾಮಗಳು ಸ್ಥಿರವಾಗಿ ಕಂಡುಬರಲಿಲ್ಲ.

೧೯೭೯ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನ್ಯಾನ್ಸಿ ವರ್ತೈಮರ್ ಮತ್ತು ಎಡ್ ಲೀಪರ್ ಎಂಬ ಶೋಧಕರು ಪ್ರಕಟಿಸಿದ ಲೇಖನವು ಈ ವಿಷಯವನ್ನು ಪ್ರಪಂಚದ ಮುಂದಿಟ್ಟಿತು. ಅರ್ಬುದರೋಗದಿಂದ ತೀರಿಕೊಂಡ ಮಕ್ಕಳ ಮನೆಗಳನ್ನೂ ಇತರ ಮಕ್ಕಳ ಮನೆಗಳನ್ನೂ ಅವರು ಹೋಲಿಸಿ ನೋಡಿದರು. ಹೆಚ್ಚು ಪ್ರವಾಹವನ್ನು ಒಯ್ಯುವ ತಂತಿಗಳ ಸಮೀಪದಲ್ಲಿ, ರೋಗಕ್ಕೆ ತುತ್ತಾದ ಮಕ್ಕಳ ಮನೆಗಳು ಹೆಚ್ಚಾಗಿ ಕಂಡುವು. ಆದರೆ ಅವರು ಕಾಂತಕ್ಷೇತ್ರವನ್ನು ಮನೆಯೊಳಗೆ ಅಳೆದಿರಲಿಲ್ಲ. ತಂತಿಯ ದಪ್ಪ ಮತ್ತು ದೂರಗಳಿಂದ ಊಹಿಸಿದ್ದರು. ಆದಕಾರಣ ಅನೇಕರು ಅದನ್ನು ಒಪ್ಪಲಿಲ್ಲ. ಆದರೂ ತಳ್ಳಿಹಾಕುವಂತೆಯೂ ಇರಲಿಲ್ಲ.

೧೯೯೩ರಲ್ಲಿ ಸ್ವೀಡನ್ ದೇಶದ ಮರಿಯಾ ಫೈಕ್ಟಿಂಗ್ ಮತ್ತು ಆಂಡರ್ಸ್ ಆಲ್ಬಮ್ ಎಂಬುವರು ೨೨೦ ಮತ್ತು ೪೦೦ ಕಿಲೋವೋಲ್ಟ್ ತಂತಿಗಳಿಂದ ೩೦೦ ಮೀಟರಿನೊಳಗೆ ವಾಸಿಸಿದ್ದವರನ್ನು ಕುರಿತ ತಮ್ಮ ಪರಿಶೀಲನೆಯನ್ನು ಪ್ರಕಟಿಸಿದರು. ಆ ದೇಶದಲ್ಲಿ ಜನನ, ಮರಣ, ವಾಸಸ್ಥಳ, ರೋಗ ಎಲ್ಲಕ್ಕೂ ಕ್ರಮವಾದ ದಾಖಲೆಯಿರುವುದರಿಂದ ಈ ಕೆಲಸ ಸಾಧ್ಯವಾಯಿತು. ೧೯೬೦ರಿಂದ ೧೯೮೫ರವರೆಗಿನ ಅವಧಿಯಲ್ಲಿ ಕಾಂತಕ್ಷೇತ್ರ ಹೆಚ್ಚಾಗಿದ್ದ ಮನೆಗಳ ಮಕ್ಕಳಲ್ಲಿ ಲ್ಯುಕೀಮಿಯ ಎಂಬ ರಕ್ತಾರ್ಬುದವು ಇತರರಿಗಿಂತ ಎರಡು ಪಟ್ಟಿಗೂ ಮೇಲಾಗಿ ಕಂಡಿತು. ಆದರೆ ಇಡೀ ಪರಿಶೀಲನೆಯಲ್ಲಿ ಆ ರೋಗ ಬಂದಿದ್ದ ಮಕ್ಕಳು ೩೯ ಮಂದಿ ಮಾತ್ರ. ಅವರಲ್ಲಿಯೂ ಹೆಚ್ಚಿನ ಕಾಂತಕ್ಷೇತ್ರದಲ್ಲಿದ್ದವರು ಕೆಲವೇ ಮಂದಿ. ಇಷ್ಟು ಚಿಕ್ಕ ಎಣಿಕೆಯಲ್ಲಿ ಒಬ್ಬಿಬ್ಬರ ಹೆಚ್ಚು ಕಡಿಮೆಯಿಂದ ಲೆಕ್ಕವೇ ಬದಲಾಗುತ್ತದೆ.

೧೯೯೭ರಲ್ಲಿ ಅಮೆರಿಕದ ರಾಷ್ಟ್ರೀಯ ಅರ್ಬುದ ಸಂಸ್ಥೆಯವರು ರೋಗಿಗಳಾದ ೬೩೮ ಮಕ್ಕಳ ಮತ್ತು ಆರೋಗ್ಯವಂತರಾದ ೬೨೦ ಮಕ್ಕಳ ಮನೆಗಳಲ್ಲಿ ಕಾಂತಕ್ಷೇತ್ರವನ್ನು ಅಳೆದು ನೋಡಿ, ೦.೨ ಮೈಕ್ರೋಟೆಸ್ಲಾಕ್ಕೆ ಮೇಲ್ಪಟ್ಟ ಮನೆಗಳಲ್ಲಿ ಗಣನೀಯವಾದ ಹೆಚ್ಚಳ ಕಾಣಲಿಲ್ಲವೆಂದು ತಿಳಿಸಿದರು.

೪. ಎಲ್ಲವನ್ನೂ ಕೂಡಿಸಿ ನೋಡಿದಾಗ

ಒಂದೇ ಹೊಲದ ಒಂದು ವರ್ಷದ ಫಸಲಿನಿಂದ ಗೊಬ್ಬರದ ಗುಣವನ್ನು ನಿರ್ಣಯಿಸಲಾಗದು. ಹಲವು ಕ್ಷೇತ್ರಗಳ ಹಲವು ವರ್ಷಗಳ ಫಲಿತಾಂಶವನ್ನು ಒಟ್ಟುಗೂಡಿಸಬೇಕು. ಈ ವಿಷಯದಲ್ಲಿಯೂ ಹಾಗೆಯೇ ಮಾಡಿದರು. ೨೦೦೦ದಲ್ಲಿ ಆಲ್ಬಮ್ ಮತ್ತು ಅವರ ಸಹೋದ್ಯೋಗಿಗಳು ಒಂಬತ್ತು ಪರಿಶೀಲನೆಗಳನ್ನು ಕೂಡಿಸಿ ೩,೨೪೭ ರೋಗಿ ಮಕ್ಕಳನ್ನೂ ೧೦,೪೦೦ ಆರೋಗ್ಯವಂತ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ೦.೪ ಮೈಕ್ರೋಟೆಸ್ಲಾಕ್ಕಿಂತ ಕಡಿಮೆಯಿದ್ದ ಮನೆಗಳಲ್ಲಿ ಹೆಚ್ಚಳವೇನೂ ಕಾಣಲಿಲ್ಲ. ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೇಲ್ಪಟ್ಟ ಮಕ್ಕಳು ಈ ಗುಂಪಿನವರೇ. ಅದಕ್ಕೆ ಮೇಲ್ಪಟ್ಟು ಇದ್ದ ಅತ್ಯಲ್ಪ ಮನೆಗಳಲ್ಲಿ ಮಾತ್ರ ರೋಗವು ಸುಮಾರು ಎರಡು ಪಟ್ಟು ಕಂಡಿತು. ೨೦೧೦ರಲ್ಲಿ ಹೊಸ ಪರಿಶೀಲನೆಗಳನ್ನು ಇದೇ ರೀತಿ ಕೂಡಿಸಿದಾಗ ಸಂಬಂಧವು ಇದೇ ದಿಕ್ಕಿನಲ್ಲಿದ್ದರೂ ಮೊದಲಿಗಿಂತ ದುರ್ಬಲವಾಗಿತ್ತು.

ಎರಡು ಪಟ್ಟು ಎಂಬ ಮಾತಿನ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಮಕ್ಕಳ ರಕ್ತಾರ್ಬುದವು ಅಪರೂಪವಾದ ರೋಗ. ಕ್ರಮವಾಗಿ ಎಣಿಸುವ ದೇಶಗಳಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ನಾಲ್ಕೈದು ಮಂದಿಗೆ ಬರುತ್ತದೆ. ಎರಡು ಪಟ್ಟಾದರೆ ಎಂಟು ಅಥವಾ ಹತ್ತು. ಮಗುವನ್ನು ಕಳೆದುಕೊಂಡ ತಾಯಿತಂದೆಗಳಿಗೆ ಈ ಲೆಕ್ಕ ಸಮಾಧಾನವಲ್ಲ, ನಿಜ. ಆದರೆ ತಂತಿಯ ಬಳಿಯ ಮನೆಗಳಲ್ಲೆಲ್ಲ ರೋಗ ಬರುತ್ತದೆಂಬ ಮಾತಿಗೂ ಈ ಲೆಕ್ಕಕ್ಕೂ ಬಹು ದೂರ.

ಇನ್ನು, ಎರಡು ಸಂಗತಿಗಳು ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಿಬಿಡಲಾಗದು. ಬೇಲಿಯ ಪಕ್ಕದ ರಾಗಿ ಸೊರಗಿದ್ದರೆ ಅದಕ್ಕೆ ಬೇಲಿಯೇ ಕಾರಣವೋ, ಬೇಲಿಯ ಮರದ ನೆರಳೋ, ಬೇರೋ, ಅಲ್ಲಿ ನಡೆದಾಡುವ ದನವೋ ಎಂಬುದನ್ನು ವಿಚಾರಿಸಬೇಕಷ್ಟೆ. ಇದಕ್ಕೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನಿಂದ ದೊರೆಯುತ್ತದೆ. ೨೦೦೫ರಲ್ಲಿ ಡ್ರೇಪರ್ ಮತ್ತು ಸಂಗಡಿಗರು ೧೯೬೨ರಿಂದ ೧೯೯೫ರವರೆಗೆ ಅರ್ಬುದ ಬಂದಿದ್ದ ಇಪ್ಪತ್ತೊಂಬತ್ತು ಸಾವಿರಕ್ಕೂ ಹೆಚ್ಚು ಮಕ್ಕಳ ಜನ್ಮಸ್ಥಳಗಳನ್ನು ಪರೀಕ್ಷಿಸಿದರು. ದೊಡ್ಡ ತಂತಿಗಳಿಂದ ೨೦೦ ಮೀಟರಿನೊಳಗೆ ಹುಟ್ಟಿದವರಲ್ಲಿ ರಕ್ತಾರ್ಬುದವು ಸುಮಾರು ೧.೭ ಪಟ್ಟು, ೨೦೦ರಿಂದ ೬೦೦ ಮೀಟರಿನವರೆಗೆ ಸುಮಾರು ೧.೨ ಪಟ್ಟು ಕಂಡಿತು. ಆದರೆ ಅಷ್ಟು ದೂರದಲ್ಲಿ ತಂತಿಯ ಕಾಂತಕ್ಷೇತ್ರವು ಮನೆಯೊಳಗಣ ಸಾಧಾರಣ ಕ್ಷೇತ್ರಕ್ಕಿಂತ ಕಡಿಮೆ! ಹಾಗಿದ್ದ ಮೇಲೆ ಈ ಹೆಚ್ಚಳಕ್ಕೆ ಕಾಂತಕ್ಷೇತ್ರವು ಹೇಗೆ ಕಾರಣವಾದೀತು? ೨೦೧೪ರಲ್ಲಿ ಇದೇ ಪರಿಶೀಲನೆಯನ್ನು ೨೦೦೮ರವರೆಗೆ ವಿಸ್ತರಿಸಿದಾಗ, ಹಿಂದಿನ ದಶಕಗಳಲ್ಲಿ ಕಂಡ ಹೆಚ್ಚಳವು ಕ್ರಮೇಣ ಕುಗ್ಗಿ ಈಚಿನ ದಶಕಗಳಲ್ಲಿ ಇಲ್ಲವಾಗಿರುವುದು ತಿಳಿದುಬಂದಿತು. ತಂತಿಯ ಗುಣವೇನೂ ಬದಲಾಗಿಲ್ಲ. ತಂತಿಯ ಬಳಿ ವಾಸಿಸುವ ಜನರ ಸ್ಥಿತಿಗತಿಗಳು ಬದಲಾಗಿರಬಹುದೆಂದು ಶೋಧಕರ ಅಭಿಪ್ರಾಯ.

೫. ಪ್ರಯೋಗಶಾಲೆಯ ಮಾತು ಮತ್ತು ಸಂಸ್ಥೆಗಳ ನಿರ್ಣಯ

ಸೂರ್ಯನ ಅತಿನೇರಿಳೆ ಕಿರಣ, ಎಕ್ಸ್-ಕಿರಣ ಮೊದಲಾದವು ಜೀವಕೋಶದೊಳಗಿನ ಅಣುಗಳನ್ನು ಮುರಿಯಬಲ್ಲವು. ಸೆಕೆಂಡಿಗೆ ನೂರು ಸಲ ಮಾತ್ರ ದಿಕ್ಕು ಬದಲಿಸುವ ತಂತಿಯ ಕ್ಷೇತ್ರಕ್ಕೆ ಅಂತಹ ಶಕ್ತಿ ಎಳ್ಳಷ್ಟೂ ಇಲ್ಲ. ಇಲಿಗಳನ್ನು ಜೀವಮಾನವಿಡೀ ಮನೆಯಲ್ಲಿರುವುದಕ್ಕಿಂತ ಅನೇಕ ಪಟ್ಟು ಹೆಚ್ಚಿನ ಕಾಂತಕ್ಷೇತ್ರದಲ್ಲಿ ಇಟ್ಟು ನಡೆಸಿದ ಪ್ರಯೋಗಗಳಲ್ಲಿ ಅರ್ಬುದವು ಹೆಚ್ಚಾಗುವುದೆಂದು ಸ್ಥಿರಪಡಲಿಲ್ಲ. ಹೇಗೆ ರೋಗ ಉಂಟಾದೀತೆಂಬುದಕ್ಕೆ ಒಪ್ಪತಕ್ಕ ಕಾರಣಸರಣಿಯೂ ದೊರೆತಿಲ್ಲ.

ಇವೆಲ್ಲವನ್ನೂ ತೂಗಿನೋಡಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ೨೦೦೧ರಲ್ಲಿ ಸಭೆ ಸೇರಿ, ೨೦೦೨ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ತಂತಿಯ ಕಾಂತಕ್ಷೇತ್ರವನ್ನು "೨ಬಿ", ಎಂದರೆ ಅರ್ಬುದಕಾರಕವಾಗಿದ್ದರೂ ಇರಬಹುದು ಎಂಬ ವರ್ಗಕ್ಕೆ ಸೇರಿಸಿತು. ವಿದ್ಯುತ್‌ಕ್ಷೇತ್ರವನ್ನು ನಿರ್ಣಯಿಸಲು ಸಾಕ್ಷ್ಯ ಸಾಲದೆಂಬ ಮೂರನೆಯ ವರ್ಗದಲ್ಲಿಟ್ಟಿತು. ಈ ವರ್ಗಗಳ ತಾರತಮ್ಯವನ್ನು ರೈತರು ತಮಗೆ ಪರಿಚಿತವಾದ ವಸ್ತುಗಳಿಂದ ತಿಳಿಯಬಹುದು. ಹೊಗೆಸೊಪ್ಪು, ಅಡಕೆ, ಒಂದು ಕಾಲದಲ್ಲಿ ಹೊಲಗಳಿಗೆ ಎರಚುತ್ತಿದ್ದ ಲಿಂಡೇನ್ ಇವು ಅರ್ಬುದಕಾರಕವೆಂದು ಸಿದ್ಧವಾಗಿರುವ ಒಂದನೆಯ ವರ್ಗದವು. ಮ್ಯಾಲಥಿಯಾನ್ ಔಷಧವು ೨೦೧೫ರಿಂದ, ಬಹುಶಃ ಹೌದು ಎಂಬ "೨ಎ" ವರ್ಗದ್ದು. ತಂತಿಯ ಕಾಂತಕ್ಷೇತ್ರವು ಇವೆರಡಕ್ಕೂ ಕೆಳಗಿನ ಸಾಲಿನದು. ಏಷಿಯಾದ ಸಾಂಪ್ರದಾಯಿಕ ಉಪ್ಪಿನ ತರಕಾರಿಗಳೂ ಅದೇ ಸಾಲಿನಲ್ಲಿವೆ. ತಂತಿಗೆ ಹೆದರಿ ಎಲೆಯಡಕೆ ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಂಡೇ ಚರ್ಚಿಸುವವರು ಈ ಕ್ರಮವನ್ನು ಯೋಚಿಸತಕ್ಕದ್ದು.

೨೦೦೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು, ಕಾಂತಕ್ಷೇತ್ರವೇ ಕಾರಣವೆಂದು ಹೇಳುವಷ್ಟು ಸಾಕ್ಷ್ಯ ಬಲವಾಗಿಲ್ಲ, ಆದರೆ ಕಾಳಜಿಯನ್ನು ಬಿಟ್ಟುಬಿಡುವಷ್ಟು ದುರ್ಬಲವಾಗಿಯೂ ಇಲ್ಲ ಎಂದು ಅಭಿಪ್ರಾಯಪಟ್ಟರು. ಒಂದು ವೇಳೆ ಅದೇ ಕಾರಣವೆಂದು ಇಟ್ಟುಕೊಂಡರೂ, ೨೦೦೦ದಲ್ಲಿ ಪ್ರಪಂಚದಲ್ಲೆಲ್ಲ ರಕ್ತಾರ್ಬುದಕ್ಕೆ ಗುರಿಯಾದ ಸುಮಾರು ೪೯,೦೦೦ ಮಕ್ಕಳಲ್ಲಿ ೧೦೦ರಿಂದ ೨,೪೦೦ರವರೆಗಿನ ಮಕ್ಕಳ ರೋಗಕ್ಕೆ ಅದು ಕಾರಣವಾಗಿರಬಹುದೆಂದು ಲೆಕ್ಕಹಾಕಿದರು. ಹೆಚ್ಚು ಖರ್ಚಿಲ್ಲದೆ ಕ್ಷೇತ್ರವನ್ನು ಕಡಿಮೆ ಮಾಡುವ ಉಪಾಯಗಳನ್ನು ಹೊಸ ಮಾರ್ಗಗಳಲ್ಲಿ ಅನುಸರಿಸುವುದು ಯುಕ್ತವೆಂದೂ ಹೇಳಿದರು. ದೊಡ್ಡವರಲ್ಲಿ ಬರುವ ಅರ್ಬುದ, ಹೃದ್ರೋಗ, ಗರ್ಭಸ್ರಾವ ಮೊದಲಾದವುಗಳ ವಿಷಯದಲ್ಲಿ ಸಾಕ್ಷ್ಯವು ಇದಕ್ಕಿಂತಲೂ ದುರ್ಬಲವೆಂದು ಅವರು ಕಂಡುಕೊಂಡರು.

ಅಲ್ಪಕಾಲದಲ್ಲಿ ನರಗಳಿಗೆ ಉಂಟಾಗಬಹುದಾದ ಬಾಧೆಯನ್ನು ತಡೆಯಲು ಅಂತರರಾಷ್ಟ್ರೀಯ ಮಂಡಲಿಯೊಂದು ಸಾರ್ವಜನಿಕರಿಗೆ ಗೊತ್ತುಮಾಡಿದ ಮಿತಿಯು ೧೯೯೮ರಲ್ಲಿ ೧೦೦ ಮೈಕ್ರೋಟೆಸ್ಲಾ, ೨೦೧೦ರಲ್ಲಿ ೨೦೦ ಮೈಕ್ರೋಟೆಸ್ಲಾ. ವಿದ್ಯುತ್‌ಕ್ಷೇತ್ರಕ್ಕೆ ಮೀಟರಿಗೆ ೫ ಕಿಲೋವೋಲ್ಟ್. ತಂತಿಯ ಕೆಳಗಣ ಕಾಂತಕ್ಷೇತ್ರವು ಈ ಮಿತಿಗೆ ಬಹಳ ಕೆಳಗಿರುತ್ತದೆ. ವಿದ್ಯುತ್‌ಕ್ಷೇತ್ರವು ೪೦೦ ಕಿಲೋವೋಲ್ಟಿನ ಮತ್ತು ಅದಕ್ಕೆ ಮೇಲ್ಪಟ್ಟ ತಂತಿಗಳ ನೇರ ಕೆಳಗೆ ಮಿತಿಯ ಸಮೀಪಕ್ಕೆ ಬರುವುದೂ ಮೀರುವುದೂ ಉಂಟು. ಇಂತಹ ಸ್ಥಳಗಳಲ್ಲಿ ಮನೆ ಕಟ್ಟಬಾರದೆಂಬುದಕ್ಕೆ ಇದೂ ಒಂದು ಕಾರಣ. ಹೃದಯಕ್ಕೆ ಪೇಸ್‌ಮೇಕರ್ ಯಂತ್ರ ಹಾಕಿಸಿಕೊಂಡಿರುವವರು ಇಂತಹ ತಂತಿಯ ಕೆಳಗೆ ಕೆಲಸ ಮಾಡುವ ಮೊದಲು ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು.

೬. ದನಕರು, ಬೆಳೆ, ಜೇನು

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದವರು ೧೯೯೦ರ ದಶಕದಲ್ಲಿ ಹಾಲು ಕರೆಯುವ ಹಸುಗಳನ್ನು ಮೀಟರಿಗೆ ೧೦ ಕಿಲೋವೋಲ್ಟ್ ಮತ್ತು ೩೦ ಮೈಕ್ರೋಟೆಸ್ಲಾ ಕ್ಷೇತ್ರದಲ್ಲಿ ಕಟ್ಟಿ ಪ್ರಯೋಗ ನಡೆಸಿದರು. ಮೇವಿನ ಸೇವನೆಯಲ್ಲಿಯೂ ಕೆಲವು ಹಾರ್ಮೋನುಗಳಲ್ಲಿಯೂ ಅಲ್ಪ ವ್ಯತ್ಯಾಸಗಳು ಕಂಡರೂ ಅವು ಸಾಧಾರಣ ಮಿತಿಯೊಳಗೇ ಇದ್ದುವು. ತಂತಿಯ ಕೆಳಗೆ ಮೇಯುವ ದನಗಳಿಗೆ ಇದರಿಂದ ಭಯಪಡಬೇಕಾದುದಿಲ್ಲ.

ತಂತಿಯ ಕೆಳಗಿನ ಗಿಡ್ಡ ಬೆಳೆಗಳಿಗೆ ಕ್ಷೇತ್ರದಿಂದ ಗಮನಾರ್ಹವಾದ ಹಾನಿ ಕಂಡಿಲ್ಲ. ಬಹಳ ಹೆಚ್ಚಿನ ವೋಲ್ಟಿನ ತಂತಿಗೆ ತೀರ ಸಮೀಪಕ್ಕೆ ಬೆಳೆದ ಮರದ ಚೂಪಾದ ಎಲೆಗಳ ತುದಿ ಸುಟ್ಟಂತೆ ಆಗುವುದುಂಟು. ಜೇನಿನ ವಿಷಯದಲ್ಲಿ ಮಾತ್ರ ಹಾನಿಯು ಸ್ಪಷ್ಟವಾಗಿದೆ. ಅಮೆರಿಕದಲ್ಲಿ ೭೬೫ ಕಿಲೋವೋಲ್ಟ್ ತಂತಿಯ ಕೆಳಗೆ ಪೆಟ್ಟಿಗೆಗಳನ್ನಿಟ್ಟು ನಡೆಸಿ ೧೯೮೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕುಟುಂಬಗಳ ತೂಕ ಕುಗ್ಗಿತು, ನೊಣಗಳು ಕೆರಳಿದುವು. ಪೆಟ್ಟಿಗೆಯೊಳಗೆ ಉಂಟಾಗುವ ಚಿಕ್ಕ ವಿದ್ಯುದಾಘಾತಗಳೇ ಇದಕ್ಕೆ ಕಾರಣ. ಭೂಮಿಗೆ ಕೂಡಿಸಿದ ತಂತಿಜಾಲರಿಯನ್ನು ಹೊದಿಸಿದಾಗ ತೊಂದರೆ ತಪ್ಪಿತು. ಆದ್ದರಿಂದ ಜೇನುಪೆಟ್ಟಿಗೆಗಳನ್ನು ದೊಡ್ಡ ತಂತಿಯ ಕೆಳಗೆ ಇಡದಿರುವುದೇ ಲೇಸು.

೭. ಸಂದೇಹವಿಲ್ಲದ ಅಪಾಯ

ರೋಗದ ವಿಷಯದಲ್ಲಿ ಸಂದೇಹವುಂಟು. ತಂತಿಯ ಸಂಪರ್ಕದಿಂದ ಮರಣವಾಗುವುದರಲ್ಲಿ ಸಂದೇಹವಿಲ್ಲ. ದೊಡ್ಡ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ಸಮೀಪಕ್ಕೆ ಹೋದರೆ ವಿದ್ಯುತ್ತು ಗಾಳಿಯನ್ನು ಹಾಯ್ದು ಬರುತ್ತದೆ. ೧೯೫೬ರ ವಿದ್ಯುಚ್ಛಕ್ತಿ ನಿಯಮಗಳಿಂದ ಮೊದಲುಗೊಂಡು ನೆಲದಿಂದ ತಂತಿಗೆ ಇರಬೇಕಾದ ಕನಿಷ್ಠ ಎತ್ತರವು ೬೬ ಕಿಲೋವೋಲ್ಟಿಗೆ ೫.೫ ಮೀಟರ್, ೨೨೦ಕ್ಕೆ ೭ ಮೀಟರ್, ೪೦೦ಕ್ಕೆ ೮.೮ ಮೀಟರ್ ಎಂದು ಗೊತ್ತಾಗಿದೆ. ತುಂತುರು ನೀರಾವರಿಯ ಅಲ್ಯುಮಿನಿಯಂ ಕೊಳವೆಯ ಉದ್ದ ೬ ಮೀಟರ್! ಕೊಳವೆಯೊಳಗಿನ ಕಸವನ್ನು ಕೆಡಹಲು ಅದನ್ನು ನೆಟ್ಟಗೆ ಎತ್ತಿ ಹಿಡಿದವನು ಏನಾದಾನೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ತೆಂಗಿನಕಾಯಿ ಕೀಳುವ ಲೋಹದ ದೋಟಿ, ಕಬ್ಬು ಹುಲ್ಲು ತುಂಬಿದ ಲಾರಿಯ ಮೇಲೆ ನಿಂತ ಆಳು, ಕೊಳವೆಬಾವಿ ಕೊರೆಯುವ ಯಂತ್ರ, ಎತ್ತಿದ ಟಿಪ್ಪರು ಇವುಗಳೂ ಇದೇ ಅಪಾಯಕ್ಕೆ ಒಳಗಾದವು.

ಕಬ್ಬಿನ ಸೀಮೆಯವರು ಇನ್ನೊಂದನ್ನು ಗಮನಿಸಬೇಕು. ತಂತಿಯ ಕೆಳಗೆ ಕಬ್ಬಿನ ರವದಿಗೆ ಬೆಂಕಿ ಹಾಕಿದರೆ, ಉರಿಯೂ ದಟ್ಟವಾದ ಹೊಗೆಯೂ ಗಾಳಿಯ ತಡೆಯನ್ನು ಕೆಡಿಸಿ ವಿದ್ಯುತ್ತು ನೆಲಕ್ಕೆ ಹಾರಲು ದಾರಿಯಾಗುತ್ತದೆ. ರವದಿಯನ್ನು ಸುಡದೆ ಸಾಲುಗಳಲ್ಲಿ ಹರಡಿ ಮುಚ್ಚಿಗೆ ಮಾಡಿದರೆ ಭೂಮಿಗೆ ಸಾರವೂ ಪ್ರಾಣಕ್ಕೆ ಕ್ಷೇಮವೂ ದೊರೆಯುತ್ತವೆ.

ಮಳೆಗಾಲದಲ್ಲಿ ತಂತಿ ಕಡಿದು ಬಿದ್ದ ಸ್ಥಳದ ಸುತ್ತ ಭೂಮಿಯಲ್ಲಿಯೇ ವಿದ್ಯುತ್ತು ಹರಡಿರುತ್ತದೆ. ದನಗಳ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಾಗಿರುವುದರಿಂದ ಮನುಷ್ಯನಿಗಿಂತ ಮೊದಲು ಅವು ಸಾಯುತ್ತವೆ. ಬಿದ್ದ ದನವನ್ನು ಬಿಡಿಸಲು ಓಡುವ ಯಜಮಾನನೂ ಅದೇ ಗತಿಯನ್ನು ಹೊಂದಬಹುದು. ಹನೂರು ಕಡೆಯ ಕಾಡಂಚಿನಲ್ಲಾಗಲಿ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಾಗಲಿ, ಹಂದಿ ಆನೆಗಳ ಕಾಟಕ್ಕೆಂದು ಬೇಲಿಗೆ ನೇರವಾಗಿ ವಿದ್ಯುತ್ತನ್ನು ಹಾಯಿಸುವುದು ಅಪರಾಧ. ಅದು ಕಾಡುಪ್ರಾಣಿಯನ್ನೂ ನೆರೆಹೊಲದವನ ಮಗನನ್ನೂ ಬೇರೆಬೇರೆಯಾಗಿ ಗುರುತಿಸಲಾರದು.

೮. ಜಮೀನು ಮತ್ತು ಪರಿಹಾರ

ಭಯದಿಂದ ಭೂಮಿಯನ್ನು ಮಾರುವ ಮೊದಲು ಹಿಡುವಳಿದಾರನು ತನ್ನ ಹಕ್ಕನ್ನು ತಿಳಿಯಬೇಕು. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ೧೬೪ನೆಯ ಪ್ರಕರಣದಿಂದ, ೧೮೮೫ರ ಟೆಲಿಗ್ರಾಫ್ ಕಾಯಿದೆಯಲ್ಲಿದ್ದ ಅಧಿಕಾರವನ್ನು ತಂತಿ ಎಳೆಯುವ ಸಂಸ್ಥೆಗಳಿಗೆ ಸರ್ಕಾರವು ಕೊಡಬಹುದಾಯಿತು. ಭೂಮಿಯ ಸ್ವಾಮ್ಯ ರೈತನಲ್ಲಿಯೇ ಉಳಿಯುತ್ತದೆ. ಆದ ನಷ್ಟಕ್ಕೆ ಪೂರ್ತಿ ಪರಿಹಾರ ಕೊಡತಕ್ಕದ್ದು. ಪರಿಹಾರ ಸಾಲದಿದ್ದರೆ ಜಿಲ್ಲಾ ನ್ಯಾಯಾಧೀಶರಲ್ಲಿ ಮೊರೆಯಿಡಬಹುದೆಂದು ಆ ಕಾಯಿದೆಯು ವಿಧಿಸಿತ್ತು. ಕೇರಳದ ವಿದ್ಯುತ್ ಮಂಡಲಿಯ ವ್ಯಾಜ್ಯವೊಂದರಲ್ಲಿ ೨೦೦೭ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಡಿದ ಮರಗಳ ಬೆಲೆಯಲ್ಲದೆ ಭೂಮಿಯ ಸ್ಥಾನ, ತಂತಿ ಹಾದುಹೋದ ಬಗೆ, ಕುಗ್ಗಿದ ಬೆಲೆ ಇವುಗಳನ್ನೂ ವಿಚಾರಿಸಬೇಕೆಂದು ತಿಳಿಸಿತು.

ಕೇಂದ್ರ ಸರ್ಕಾರದ ವಿದ್ಯುತ್ ಮಂತ್ರಾಲಯವು ೨೦೧೫ರ ಅಕ್ಟೋಬರಿನಲ್ಲಿ, ೬೬ ಕಿಲೋವೋಲ್ಟ್ ಮತ್ತು ಮೇಲ್ಪಟ್ಟ ಗೋಪುರಮಾರ್ಗಗಳಿಗೆ, ಗೋಪುರದ ಪಾದದ ಭೂಮಿಗೆ ಬೆಲೆಯ ಶೇಕಡ ೮೫ರಷ್ಟೂ, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇಕಡ ೧೫ರಷ್ಟೂ ಪರಿಹಾರವನ್ನು ಸೂಚಿಸಿತು. ೨೦೨೪ರ ಜೂನಿನಲ್ಲಿ ಈ ಸೂಚನೆಗಳನ್ನು ಮಾರ್ಪಡಿಸಿ ಪಾದದ ಭೂಮಿಗೆ ಬೆಲೆಯ ಎರಡರಷ್ಟು, ಪಟ್ಟಿಗೆ ಶೇಕಡ ೩೦ ಎಂದು ಹೇಳಿತು. ಪಟ್ಟಿಯ ಅಗಲವು ಸಾಮಾನ್ಯವಾಗಿ ೬೬ ಕಿಲೋವೋಲ್ಟಿಗೆ ೧೮ ಮೀಟರ್, ೧೧೦ಕ್ಕೆ ೨೨, ೨೨೦ಕ್ಕೆ ೩೫, ೪೦೦ಕ್ಕೆ ೪೬ ಮೀಟರ್. ಈ ಪಟ್ಟಿಯಲ್ಲಿ ಮನೆ, ಕೊಟ್ಟಿಗೆ, ತೆಂಗು, ತೇಗಗಳಿಗೆ ಅವಕಾಶವಿಲ್ಲ. ಅರಿಸಿನ, ಈರುಳ್ಳಿ, ರಾಗಿ, ಅವರೆ, ಗಿಡ್ಡವಾಗಿ ಸವರಿದ ಹಿಪ್ಪುನೇರಳೆ ಇವುಗಳಿಗೆ ಅಡ್ಡಿಯಿಲ್ಲ. ಆದ್ದರಿಂದ ತಂತಿ ಹಾದ ಭೂಮಿಯು ಬೆಳೆಗೆ ಸತ್ತ ಭೂಮಿಯಲ್ಲ. ರೋಗದ ಭಯವನ್ನು ಮುಂದಿಟ್ಟು ಅರ್ಧ ಬೆಲೆಗೆ ಕೇಳುವವರ ಮಾತಿಗೆ ಯಜಮಾನರು ಒಳಗಾಗಬಾರದು.

೯. ಗ್ರಾಮದ ಮುಖಂಡರು ಮಾಡತಕ್ಕುದು

(೧) ತಂತಿಯ ಪಟ್ಟಿಯೊಳಗೆ ಮನೆ, ಶಾಲೆ, ಅಂಗನವಾಡಿ, ಕಣ ಇವುಗಳಿಗೆ ಸ್ಥಳ ಗೊತ್ತುಮಾಡಬಾರದು. ಹೊಸ ನಿವೇಶನಗಳಿಗೆ ಬೇರೆ ಜಾಗವಿದ್ದರೆ ದೊಡ್ಡ ತಂತಿಯಿಂದ ನೂರು ಮೀಟರಿನಷ್ಟು ಆಚೆ ಆರಿಸುವುದು ವಿವೇಕ. ಇದಕ್ಕೆ ಖರ್ಚಿಲ್ಲ, ಸಂದೇಹವೂ ಕಳೆಯುತ್ತದೆ. ಈಗಾಗಲೇ ಪಟ್ಟಿಯ ಹೊರಗೆ ಮನೆ ಇರುವವರು ಊರು ಬಿಡಬೇಕಾದ ಕಾರಣವಿಲ್ಲ.

(೨) ಹೊಸ ಮಾರ್ಗದ ಅಳತೆ ನಡೆಯುವಾಗಲೇ ಪಂಚಾಯಿತಿಯಲ್ಲಿ ಕುಳಿತು ನಕ್ಷೆಯನ್ನು ಕೇಳಿ ನೋಡಬೇಕು. ಗೋಪುರ ನಿಂತ ಮೇಲೆ ಆಡುವ ಮಾತಿಗಿಂತ ಗೂಟ ಹೊಡೆಯುವಾಗ ಆಡುವ ಮಾತಿಗೆ ಬೆಲೆ ಹೆಚ್ಚು.

(೩) ಮರಗಳ ಎಣಿಕೆ, ಬೆಳೆಯ ಸ್ಥಿತಿ, ಪಹಣಿ ಇವುಗಳನ್ನು ಕೆಲಸ ಆರಂಭವಾಗುವ ಮೊದಲೇ ಬರೆದಿಟ್ಟುಕೊಳ್ಳಬೇಕು.

(೪) ತಂತಿಗೆ ಸಮಾನಾಂತರವಾಗಿರುವ ತಂತಿಬೇಲಿಗಳನ್ನೂ ತಗಡಿನ ಚಪ್ಪರಗಳನ್ನೂ ಭೂಮಿಗೆ ಕೂಡಿಸಿಸಬೇಕು. ಗೋಪುರದ ಕಾಲಿಗೆ ದನ ಕಟ್ಟಬಾರದು.

(೫) ಜೋತುಬಿದ್ದ ತಂತಿಯನ್ನು ಕಂಡೊಡನೆ ವಿದ್ಯುತ್ ಕಚೇರಿಗೆ ಅಥವಾ ೧೯೧೨ ಎಂಬ ದೂರವಾಣಿ ಸಂಖ್ಯೆಗೆ ತಿಳಿಸಿ, ಬರೆಹದಲ್ಲಿಯೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕಡಿದುಬಿದ್ದ ತಂತಿಯಿಂದ ಕನಿಷ್ಠ ಹತ್ತು ಮೀಟರ್ ದೂರದಲ್ಲಿ ಜನರನ್ನೂ ದನಗಳನ್ನೂ ತಡೆದು ನಿಲ್ಲಿಸಬೇಕು.

(೬) ಮಗುವಿಗೆ ಬಿಡದ ಜ್ವರ, ಬಿಳಿಚಿಕೊಳ್ಳುವುದು, ಮೈಮೇಲೆ ಕಾರಣವಿಲ್ಲದೆ ಕಲೆಗಳು, ಮೂಳೆನೋವು ಇವು ಕಂಡರೆ ತಂತಿಯನ್ನು ದೂಷಿಸುತ್ತ ಕಾಲ ಕಳೆಯದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಕ್ಕಳ ರಕ್ತಾರ್ಬುದವು ಬೇಗ ಗೊತ್ತಾಗಿ ಪೂರ್ತಿ ಚಿಕಿತ್ಸೆ ದೊರೆತರೆ ಬಹು ಮಂದಿಯಲ್ಲಿ ಗುಣವಾಗತಕ್ಕ ರೋಗ.

ಸಾರಾಂಶವೇನೆಂದರೆ, ತಂತಿಯ ಕ್ಷೇತ್ರದಿಂದ ರೋಗ ಬರುವುದೆಂದು ಸಿದ್ಧವಾಗಿಲ್ಲ. ಅತಿ ಸಮೀಪದ ವಾಸದ ವಿಷಯದಲ್ಲಿ ಸ್ವಲ್ಪ ಸಂದೇಹ ಉಳಿದಿದೆ. ಆ ಸಂದೇಹಕ್ಕೆ ದೂರವೇ ತಕ್ಕ ಔಷಧ. ತಂತಿಯ ಸಂಪರ್ಕದಿಂದ ಬರುವ ಮರಣವಾದರೋ ಪ್ರತ್ಯಕ್ಷವಾದುದು. ಅದಕ್ಕೆ ಎಚ್ಚರಿಕೆಯೇ ಔಷಧ. ಎರಡನ್ನೂ ಅವುಗಳ ಯೋಗ್ಯತೆಗೆ ತಕ್ಕಂತೆ ತೂಗಿ ನೋಡಿ, ಮುಖಂಡರು ತಮ್ಮ ಗ್ರಾಮದ ಜನರಿಗೆ ತಿಳಿಯಹೇಳುವರೆಂದು ನಂಬಲಾಗಿದೆ.